ಟೈಲರ್ ತಾತನ ಕಾಲು ನೆಲಕ್ಕೆ ತಾಗಕೂಡದು

ಸೈಕಲ್ ತುಳಿದರೆ ಕ್ಯಾನ್ಸರ್ ಬಂದ ಮಕ್ಕಳಿಗೆ ಸಹಾಯವಾಗುತ್ತದೆ ಎಂಬುದು ಎಲ್ಲರೂ ಒಪ್ಪಿಕೊಂಡಿರುವ ಸತ್ಯ. ಯಾರು ತುಳಿಯಬೇಕು ಎಂಬುದರಲ್ಲಿ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿತ್ತು.

ಸಹಾಯಾರ್ಥ ಸೈಕಲ್ ಸವಾರಿ ಸಮಿತಿಗೆ ಅಧ್ಯಕ್ಷರಿದ್ದರು, ಉಪಾಧ್ಯಕ್ಷರಿದ್ದರು, ಆ ಉಪಾಧ್ಯಕ್ಷರು ಜಾಸ್ತಿ ತಲೆ ಎತ್ತದ ಹಾಗೆ ನೋಡಿಕೊಳ್ಳಲು ಇನ್ನೊಬ್ಬ ಉಪಾಧ್ಯಕ್ಷರಿದ್ದರು. ಎಲ್ಲರ ಕೆಲಸವನ್ನೂ ಮಾಡುವ ಒಬ್ಬ ಕಾರ್ಯದರ್ಶಿ ಇದ್ದರು. ಗಾಜಿನ ಬೀರುವಿನಲ್ಲಿ ಹೆಲ್ಮೆಟ್ಟುಗಳಿದ್ದವು. ಗೋಡೆಗೆ ಒರಗಿಸಿದ ಹೊಚ್ಚಹೊಸ ಸೈಕಲ್ಲೂ ಇತ್ತು. ಸವಾರ ಮಾತ್ರ ಇರಲಿಲ್ಲ.

ಹಿಂದಿನ ವರ್ಷ ಸಮಿತಿಯವರೇ ಸವಾರಿ ಹೊರಟಿದ್ದರು. ಬಾವುಟ ಬೀಸಿದ ಮೇಲೆ ಮೊದಲನೇ ತಿರುವಿನ ತನಕ ಎಲ್ಲರೂ ಹುಲಿಗಳ ಹಾಗೆ ತುಳಿದರು. ತಿರುವಿನ ಆಚೆ ಒಂದು ಲಾರಿ ಕಾಯುತ್ತಿತ್ತು. ಸೈಕಲ್ ಸಮೇತ ಅದರಲ್ಲಿ ಕೂತು, ಕಾಫಿ ಕುಡಿದು, ಕೊನೆಯ ತಿರುವಿನಲ್ಲಿ ಇಳಿದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಏದುಸಿರು ಬಿಡುತ್ತಾ ಬಂದು ಪದಕ ಹಾಕಿಸಿಕೊಂಡರು. ಲಾರಿ ಸಿಮೆಂಟ್ ಸಾಹುಕಾರರದು. ದಾನಿಗಳಲ್ಲಿ ದೊಡ್ಡ ದಾನಿಯೂ ಅವರೇ.

"ಕಿಲೋಮೀಟರಿಗೆ ಇಷ್ಟು ಕೊಡ್ತೀನಿ ಅಂತ ನಾನು ಹೇಳಿದ್ದು ಸೈಕಲ್ಲಿಗೆ. ಲಾರಿಗೆ ಅಂದ್ರೆ ನೀವೇ ನನಗೆ ಬಾಡಿಗೆ ಕೊಡಬೇಕು" ಅಂತ ಅವರು ಪಟ್ಟು ಹಿಡಿದರು.

ನ್ಯಾಯವಾಗಿ ನೋಡಿದಾಗ ಅವರ ಮಾತು ಸರಿ ಇತ್ತು. ಸವಾರಿ ನಡೆದದ್ದು ಮಕ್ಕಳ ವಾರ್ಡಿಗಾಗಿ. ಹಾಗಾಗಿ ಲಾರಿ ಬಾಡಿಗೆಯನ್ನು ಮಕ್ಕಳ ವಾರ್ಡಿನವರು ಕೊಟ್ಟರು. ಕಾರ್ಯದರ್ಶಿಗಳು ಅವರಿಗೆ ಕೃತಜ್ಞತಾ ಪತ್ರ ಕಳಿಸಿದರು.

ಇಂಥದ್ದು ಮತ್ತೆ ಆಗಬಾರದು ಅಂತ ಸಮಿತಿ ಒಂದು ವರ್ಷ ಕೂತು ಹೊಸ ನಿಯಮ ಬರೆಯಿತು. ಅದನ್ನು ದಪ್ಪಕ್ಷರದಲ್ಲಿ ಬಾಗಿಲಿಗೆ ಅಂಟಿಸಿದರು:

"ಸವಾರನ ಕಾಲು ಆರಂಭದಿಂದ ಅಂತ್ಯದವರೆಗೆ ನೆಲಕ್ಕೆ ತಾಗಕೂಡದು. ತಾಗಿದಲ್ಲಿ ದಾನಿಗಳ ಸಮಸ್ತ ವಾಗ್ದಾನಗಳು ರದ್ದಾಗತಕ್ಕದ್ದು. ಆಸ್ಪತ್ರೆಯ ಬಾಗಿಲಲ್ಲಿ ಕಟ್ಟಲಾದ ರಿಬ್ಬನ್ನನ್ನು ಮುಖ್ಯ ಅತಿಥಿಗಳು ಕತ್ತರಿಸಿದ ಕ್ಷಣವನ್ನು ಅಂತ್ಯವೆಂದು ಪರಿಗಣಿಸತಕ್ಕದ್ದು. ಅದಕ್ಕೆ ಮೊದಲು ಅಂತ್ಯವಿರುವುದಿಲ್ಲ. ದಾನಿಗಳು ಹಣ ಪಾವತಿಸತಕ್ಕದ್ದು ಅಂತ್ಯದ ನಂತರ."

ಓದಿದ ಮೇಲೆ ಸಮಿತಿಯಲ್ಲಿದ್ದ ಒಬ್ಬೊಬ್ಬರಿಗೂ ಮಂಡಿನೋವು ಶುರುವಾಯಿತು.

ಆ ಹೊತ್ತಿಗೆ ಸರಿಯಾಗಿ ಬಾಗಿಲು ತಳ್ಳಿಕೊಂಡು ಟೈಲರ್ ತಾತ ಬಂದ. ಕತ್ತಿನಲ್ಲಿ ಅಳತೆ ಟೇಪು, ಕಂಕುಳಲ್ಲಿ ಸಮಿತಿಯವರಿಗೆ ಹೊಲಿದ ಜರ್ಸಿಗಳ ಗಂಟು. ಜರ್ಸಿಗೆ ಕೂಲಿ ಕೇಳಿರಲಿಲ್ಲ. ಅವನ ಮೊಮ್ಮಗಳು ಅದೇ ಮಕ್ಕಳ ವಾರ್ಡಿನಲ್ಲಿದ್ದಳು. ಗಾತ್ರದಲ್ಲಿ ಅಷ್ಟೇ ಅಷ್ಟು, ಬಾಯಿ ಬಿಟ್ಟರೆ ಎದುರಿಗಿದ್ದವರ ಕಣ್ಣಲ್ಲಿ ನೀರು. ಹಾಗಾಗಿ ಮನೆಯಲ್ಲಿ ಅವಳನ್ನು ಮೆಣಸು ಅಂತಲೇ ಕರೆಯುತ್ತಿದ್ದರು. ಔಷಧಿಗೆ ಕೂದಲು ಉದುರಿದಾಗ ಅವಳು ಅಳಲಿಲ್ಲ. "ತಾತ, ಈಗ ನಾನೂ ನೀನೂ ಒಂದೇ ತರ, ಆದರೆ ನನಗೆ ಮತ್ತೆ ಬರುತ್ತೆ" ಅಂದಳು.

ಅವಳ ತೊಂದರೆ ಬೇರೆ. ಅವಳಿಗೆ ಕೊಡುವ ಔಷಧಿ ಹನಿ ಹನಿಯಾಗಿ, ಅಳತೆ ತಪ್ಪದೆ, ಗಂಟೆಗಟ್ಟಲೆ ಇಳಿಯಬೇಕು. ಇಳಿಸುವುದಕ್ಕೆ ಒಂದು ಪಂಪು ಬೇಕು. ವಾರ್ಡಿನಲ್ಲಿ ಕೆಲಸ ಮಾಡುವ ಪಂಪು ಒಂದೇ ಒಂದು. ಇನ್ನೊಂದಿತ್ತು, ಅದು ಯಾರಾದರೂ ಗುಂಡಿ ಒತ್ತಿ ಹಿಡಿದುಕೊಂಡೇ ಕೂತರೆ ಮಾತ್ರ ಓಡುತ್ತಿತ್ತು, ಬಿಟ್ಟರೆ ಮುನಿಸಿಕೊಳ್ಳುತ್ತಿತ್ತು, ಓಡಿದರೂ ಅಳತೆ ತಪ್ಪುತ್ತಿತ್ತು. ಮಕ್ಕಳೆಲ್ಲ ಸರದಿ ಕಾಯಬೇಕು. ಡಾಕ್ಟರು "ಈ ಹುಡುಗಿಗೆ ದಿನ ತಪ್ಪಬಾರದು" ಅಂದಿದ್ದರು. ದಿನ ತಪ್ಪುತ್ತಲೇ ಇತ್ತು. ಆ ಸಲದ ಸವಾರಿ ಪಂಪು ಕೊಳ್ಳುವುದಕ್ಕೇ ಅಂತ ನಿಗದಿಯಾಗಿತ್ತು.

ತಾತ ಬಗ್ಗಿ ಅಧ್ಯಕ್ಷರ ಸೊಂಟದ ಸುತ್ತ ಜರ್ಸಿ ಎಳೆದು ಸರಿ ಮಾಡುವಾಗ ಕಾರ್ಯದರ್ಶಿಗಳ ಕಣ್ಣು ಅವನ ಮೀನಖಂಡದ ಮೇಲೆ ಬಿತ್ತು. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು. ತೆಂಗಿನಕಾಯಿ ಇಟ್ಟು ಚರ್ಮ ಹೊದಿಸಿದ ಹಾಗಿತ್ತು.

"ಟೈಲರ್ರೇ, ಇಷ್ಟು ವರ್ಷ ತುಳಿದ್ರಲ್ಲ, ಎಲ್ಲಿ ತನಕ ಹೋದ್ರಿ?"

"ಎಲ್ಲಿಗೆ ಹೋಗೋದು ಸ್ವಾಮಿ. ಕೂತ ಜಾಗದಲ್ಲೇ."

"ನೋಡಿ, ಎಷ್ಟು ಕಿಲೋಮೀಟರ್ ದಂಡ ಮಾಡಿದೀರಿ. ಸೈಕಲ್ ಬರುತ್ತಾ?"

"ಹತ್ತೋದು ಬರುತ್ತೆ. ಇಳಿಯೋದು ಅಷ್ಟಾಗಿ ಬರಲ್ಲ. ಚಿಕ್ಕಂದಿನಲ್ಲಿ ಯಾವುದಾದರೂ ಗೋಡೆಗೆ ಗುದ್ದಿ ಇಳೀತಿದ್ದೆ."

ಇಳಿಯಲು ಬಾರದವನು. ಕಾಲು ನೆಲಕ್ಕೆ ತಾಗಕೂಡದ ಸವಾರಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ಬೇರೆ ಯಾವುದಿದೆ? ಸಮಿತಿ ಅಲ್ಲೇ ಚಪ್ಪಾಳೆ ತಟ್ಟಿ ಅವನನ್ನು ಆಯ್ಕೆ ಮಾಡಿತು. ಮಂಡಿನೋವುಗಳು ಮಾಯವಾದವು.

ಮನೆಗೆ ಬಂದು ಹೇಳಿದರೆ ಅಜ್ಜಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ದೂರ ಎಷ್ಟಂತೆ?"

"ಸಮಿತಿ ಆಫೀಸಿಂದ ಆಸ್ಪತ್ರೆಗೆ. ಅರ್ಧ ಗಂಟೆ."

"ಹಾಗಾದರೆ ಊಟದ ಹೊತ್ತಿಗೆ ಬನ್ನಿ. ತಣ್ಣಗಾದರೆ ಮತ್ತೆ ಬಿಸಿ ಮಾಡಿಕೊಡಲ್ಲ."

ಸವಾರಿಯ ದಿನ ತಾತನನ್ನು ವೇದಿಕೆಯ ಮೇಲಿಂದ ನೇರವಾಗಿ ಸೀಟಿಗೆ ಇಳಿಸಿದರು, ಕಪಾಟಿನಲ್ಲಿ ಪಾತ್ರೆ ಇಟ್ಟ ಹಾಗೆ. ಅಧ್ಯಕ್ಷರು ಮಾತಾಡಿದರು. ಇಬ್ಬರು ಉಪಾಧ್ಯಕ್ಷರೂ ಒಂದೇ ಮೈಕಿನಲ್ಲಿ ಮಾತಾಡಿದರು. ಬಾವುಟ ಬೀಸಿದರು. ತಾತ ತುಳಿದ. ಜನ ದಾರಿ ಬಿಟ್ಟರು, ಬಸ್ಸುಗಳು ನಿಂತವು, ಒಂದು ನಾಯಿ ಸ್ವಲ್ಪ ದೂರ ಜೊತೆಗೆ ಬಂದು ಇವನಿಗೆ ತನ್ನ ಅವಶ್ಯಕತೆ ಇಲ್ಲ ಅಂತ ಗೊತ್ತಾಗಿ ವಾಪಸು ಹೋಯಿತು. ಅರ್ಧ ಗಂಟೆಗೆ ಮುಂಚೆಯೇ ಆಸ್ಪತ್ರೆಯ ಗೇಟು ಕಂಡಿತು. ಬಾಗಿಲಲ್ಲಿ ಕೆಂಪು ರಿಬ್ಬನ್ ಮಿರಮಿರ ಮಿಂಚುತ್ತಿತ್ತು. ಮೇಲಿನ ಮಹಡಿಯ ಕಿಟಕಿಯಲ್ಲಿ ಮೆಣಸಿನ ತಲೆ ಹೊಳೆಯುತ್ತಿತ್ತು. ಬಟ್ಟೆ ಹೊದಿಸಿದ ತಟ್ಟೆಯಲ್ಲಿ ಕತ್ತರಿ ಇತ್ತು.

ಮುಖ್ಯ ಅತಿಥಿಗಳು ಇರಲಿಲ್ಲ.

ಕಾರ್ಯದರ್ಶಿಗಳು ಪಂಚೆ ಎತ್ತಿ ಕಟ್ಟಿ ಸೈಕಲ್ಲಿನ ಪಕ್ಕಕ್ಕೆ ಓಡಿ ಬಂದರು. "ನಿಲ್ಲಿಸಬೇಡಿ ಟೈಲರ್ರೇ, ಕಾಲು ತಾಗಿದರೆ ಎಲ್ಲ ಹೋಯ್ತು. ಒಂದು ಸುತ್ತು ಹಾಕ್ಕೊಂಡು ಬನ್ನಿ. ಸಾಹೇಬರು ದಾರೀಲಿದಾರೆ."

ತಾತ ಆಸ್ಪತ್ರೆಯನ್ನು ಒಂದು ಸುತ್ತು ಹಾಕಿದ. ಔಷಧಿ ಅಂಗಡಿಯ ಕಿಟಕಿ, ಹಿತ್ತಿಲಲ್ಲಿ ಒಣಗುವ ಹಸಿರು ಹಾಸಿಗೆ ಬಟ್ಟೆಗಳು, ಜನರೇಟರಿನ ಕೋಣೆ, ಸೈಕಲ್ ಸ್ಟ್ಯಾಂಡು, ಮತ್ತೆ ಮುಂಬಾಗಿಲು. ಸಾಹೇಬರು ಇನ್ನೂ ದಾರಿಯಲ್ಲಿದ್ದರು. ಇನ್ನೊಂದು ಸುತ್ತು. ಸ್ಟ್ಯಾಂಡಿನ ಕಾವಲುಗಾರ ಎದ್ದು ಬಂದು ಚೀಟಿ ಹರಿದ.

"ನಾನು ನಿಲ್ಲಿಸ್ತಾ ಇಲ್ಲವಲ್ಲಪ್ಪ."

"ಎಲ್ಲರೂ ಹಾಗೇ ಹೇಳ್ತಾರೆ ತಾತ."

ಮಧ್ಯಾಹ್ನ ಆಯಿತು, ಬಿಸಿಲು ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಜನ ಕುರ್ಚಿ ತಂದುಕೊಂಡರು, ಆಮೇಲೆ ಕುರ್ಚಿ ಬಿಟ್ಟು ಮನೆಗೆ ಹೋದರು. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬಂತು. ಸಾಹೇಬರು ದಾರಿಯಲ್ಲಿ ಒಂದು ಕಟ್ಟಡದ ಮುಂದೆ ರಿಬ್ಬನ್ ಕಂಡು, ಇದೇ ಇರಬೇಕು ಅಂತ ಇಳಿದು ಕತ್ತರಿಸಿ, ಭಾಷಣ ಮಾಡಿ, ಊಟ ಮುಗಿಸಿ ಹೊರಟುಹೋಗಿದ್ದರು. ಅದು ಹೊಸ ಬಟ್ಟೆ ಅಂಗಡಿ. ಅಂಗಡಿಯವರು ಸಂಕೋಚದಿಂದ ಏನೂ ಹೇಳಿರಲಿಲ್ಲ. ಮುಂದಿನ ಬಿಡುವು ಯಾವಾಗ ಅಂತ ಸಾಹೇಬರ ಕಚೇರಿ ತಿಳಿಸುವುದಾಗಿ ತಿಳಿಸಿತ್ತು.

ಅಜ್ಜಿ ಬುತ್ತಿ ಹಿಡಿದುಕೊಂಡು ಬಂದಳು. ಸೈಕಲ್ಲಿನ ಪಕ್ಕ ನಡೆಯುತ್ತಾ ತುತ್ತು ಕೊಟ್ಟಳು. "ಮದುವೆಯಾದಾಗಿನಿಂದ ಒಂದು ದಿನ ವಾಕಿಂಗ್ ಕರ್ಕೊಂಡು ಹೋಗಿ ಅಂದೆ. ಈಗ ಆಯ್ತು ನೋಡಿ."

"ಇಳಿದುಬಿಡಲೇನೆ?"

"ಇಳೀರಿ. ಇಳಿದು ಮೇಲೆ ಹೋಗಿ ಮೊಮ್ಮಗಳಿಗೆ ನೀವೇ ಹೇಳಿ, ಪಂಪು ಬರಲ್ಲ ಅಂತ."

ತಾತ ಇಳಿಯಲಿಲ್ಲ.

ಸಮಿತಿ ತುರ್ತು ಸಭೆ ಸೇರಿತು. ಮನುಷ್ಯ ಮಲಗಬೇಕಲ್ಲ, ಇತರ ಬಾಧೆಗಳೂ ಇರುತ್ತವಲ್ಲ. ಪೂರಕ ನಿಯಮಗಳು ಹೊರಬಿದ್ದವು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಾಗ ನೆಲಕ್ಕೆ ತಾಗುವುದು ಸೈಕಲ್ಲಿನ ಕಾಲು, ಸವಾರನದಲ್ಲ. ಆದ್ದರಿಂದ ಸವಾರನು ಸ್ಟ್ಯಾಂಡಿನ ಮೇಲೆ ಹ್ಯಾಂಡಲ್ಲಿಗೆ ದಿಂಬು ಕಟ್ಟಿಕೊಂಡು ನಿದ್ರಿಸಬಹುದು. ದೇಹಬಾಧೆಯ ಸಂದರ್ಭದಲ್ಲಿ ವಾರ್ಡಿನ ಇಬ್ಬರು ಸಿಬ್ಬಂದಿ ಸವಾರನನ್ನು ಎತ್ತಿಕೊಂಡು ಹೋಗಿ ಎತ್ತಿಕೊಂಡು ಬರತಕ್ಕದ್ದು. ಆ ಅವಧಿಯಲ್ಲಿ ಸವಾರನು ಗಾಳಿಯಲ್ಲಿ ತುಳಿಯುವಂತೆ ಕಾಲು ಆಡಿಸುತ್ತಿರತಕ್ಕದ್ದು.

ತಾತ ಆಡಿಸುತ್ತಿದ್ದ. ನೋಡಿದವರು ಯಾರೂ ನಗಲಿಲ್ಲ. ನಿಯಮದಲ್ಲಿ ಹಾಗೆ ಇತ್ತು.

ಇಷ್ಟರಲ್ಲಿ ಒಂದು ಸಂಗತಿ ಎಲ್ಲರ ಗಮನಕ್ಕೆ ಬಂತು. ಅರ್ಧ ಗಂಟೆಯ ದಾರಿಗೆ ಎಷ್ಟು ತಾನೆ ಹುಟ್ಟುತ್ತಿತ್ತು? ಈಗ ಪ್ರತಿ ಸುತ್ತಿಗೂ ದಾನ ಏರುತ್ತಿತ್ತು. ಬಾಗಿಲ ಪಕ್ಕ ದೊಡ್ಡ ಹಲಗೆ ನೆಟ್ಟು ಮೊತ್ತ ಬರೆದರು. ಸಾಲದೆ ಬಂದು ಹಲಗೆಗೆ ಇನ್ನೊಂದು ಹಲಗೆ ಜೋಡಿಸಿದರು. ದಾನಿಗಳ ಹೆಸರು ಮೊತ್ತದ ಕೆಳಗೆ ಹೊಳೆಯುತ್ತಿತ್ತು. ಬೇರೆ ಊರಿನ ಸಮಿತಿಗಳು ಬಂದು ಹಲಗೆಯ ಮುಂದೆ ನಿಂತು ಹೊಟ್ಟೆ ಉರಿದುಕೊಂಡು ಹೋದವು. ಆಸ್ಪತ್ರೆಯ ಆಡಳಿತದವರು ತಾತನ ದಾರಿಗೆ ಬಿಳಿ ಗೆರೆ ಎಳೆಸಿ, "ದೇಶದಲ್ಲೇ ಅತಿ ಹೆಚ್ಚು ನೆರವು ಪಡೆಯಲಿರುವ ವಾರ್ಡು" ಅಂತ ಫಲಕ ಹಾಕಿದರು. ವಾರ್ಡಿನ ಒಳಗೆ ಪಂಪು ಒಂದೇ ಇತ್ತು.

ತಾತನ ದುಡಿಮೆಯೂ ನಿಲ್ಲಲಿಲ್ಲ. ಅಜ್ಜಿ ಹ್ಯಾಂಡಲ್ಲಿನ ಮುಂದೆ ಹಲಗೆ ಬಿಗಿದು ಮಿಷನ್ ಕೂರಿಸಿಬಿಟ್ಟಳು. ಚೈನಿನಿಂದ ಒಂದು ಪಟ್ಟಿ ಹಾಕಿದರೆ ಅದೇ ತುಳಿತಕ್ಕೆ ಸೂಜಿಯೂ ಓಡುತ್ತಿತ್ತು. ಗಿರಾಕಿಗಳು ಪಕ್ಕದಲ್ಲಿ ಓಡುತ್ತಾ ಅಳತೆ ಕೊಟ್ಟರು. ಒಂದು ಸುತ್ತಿಗೆ ಎದೆ, ಇನ್ನೊಂದು ಸುತ್ತಿಗೆ ತೋಳು. ಓಡಿ ಓಡಿ ಕೊಟ್ಟ ಅಳತೆಯಾದ್ದರಿಂದ ಬಟ್ಟೆ ಬರುವ ಹೊತ್ತಿಗೆ ಜನ ಸಣ್ಣಗಾಗಿ, ಅಂಗಿ ದೊಗಲೆಯಾಗುತ್ತಿತ್ತು. ಹೃದಯದ ಡಾಕ್ಟರು ತಮ್ಮ ರೋಗಿಗಳಿಗೆ ಔಷಧಿ ಚೀಟಿಯಲ್ಲಿ "ಟೈಲರ್ ಬಳಿ ಒಂದು ಜೊತೆ ಪ್ಯಾಂಟು" ಅಂತ ಬರೆಯತೊಡಗಿದರು.

ಮೆಣಸು ಕಿಟಕಿಯಿಂದ ಕೂಗುತ್ತಿದ್ದಳು. "ತಾತ, ಇವತ್ತು ಏನಾದರೂ ಬಂತಾ?"

"ನಾಳೆ, ಮೆಣಸು."

"ನಿನ್ನೇನೂ ನಾಳೆ ಅಂದಿದ್ದೆ. ನೀನು ಸುಳ್ಳು ಹೇಳೋವಾಗ ಬೆಲ್ ಹೊಡೀತೀಯ. ಈಗ ಹೊಡೆದೆ."

ಒಂದು ದಿನ ಕಿಟಕಿಯಲ್ಲಿ ಅವಳು ಕಾಣಲಿಲ್ಲ. ಬದಲಿಗೆ ವಾರ್ಡಿನ ಹೆಡ್ ಸಿಸ್ಟರು ಕೆಳಗೆ ಬಂದು ಸೈಕಲ್ಲಿನ ಪಕ್ಕ ದೊಡ್ಡ ಹೆಜ್ಜೆ ಹಾಕಿದರು. ದಪ್ಪ ಕನ್ನಡಕ, ಗಟ್ಟಿ ಹೆಂಗಸು. "ಇವತ್ತೂ ಸರದಿ ಬರಲಿಲ್ಲ ತಾತ. ಜ್ವರ ಬಂದಿದೆ. ಮಲಗಿದಾಳೆ. ಪಂಪು ಇದ್ದಿದ್ರೆ ಇಷ್ಟು ಹೊತ್ತಿಗೆ ಎರಡನೇ ಔಷಧಿ ಮುಗೀತಿತ್ತು. ನಿಮಗೆ ಮುಚ್ಚಿಟ್ಟು ಏನು ಮಾಡಲಿ."

ಮುಂದಿನ ಸುತ್ತಿಗೆ ತಾತ ಹ್ಯಾಂಡಲ್ ಬಿಗಿಹಿಡಿದು, ತಲೆ ತಗ್ಗಿಸಿ, ರಿಬ್ಬನ್ನಿಗೇ ಗುರಿಯಿಟ್ಟು ಬಿರುಗಾಳಿಯ ಹಾಗೆ ಬಂದ. ಅವನೇ ಹರಿದುಕೊಂಡು ಒಳಗೆ ನುಗ್ಗಿದರೆ ಯಾರೇನು ಮಾಡುತ್ತಾರೆ? ಆದರೆ ಸಮಿತಿ ಕೈಕಟ್ಟಿ ಕೂತಿರಲಿಲ್ಲ. ಇಬ್ಬರು ಉಪಾಧ್ಯಕ್ಷರು ರಿಬ್ಬನ್ನಿನ ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು, ಹಿಮ್ಮುಖವಾಗಿ ಓಡತೊಡಗಿದರು. ಅವರು ಮುಂದೆ, ರಿಬ್ಬನ್ ನಡುವೆ, ತಾತ ಹಿಂದೆ. ಹೊರರೋಗಿಗಳ ಸಾಲನ್ನು ಸೀಳಿಕೊಂಡು, ಎಕ್ಸ್‌ರೇ ಕೋಣೆಯ ಬಾಗಿಲು ದಾಟಿ, ಅಡುಗೆಮನೆಯಲ್ಲಿ ಬೇಯುತ್ತಿದ್ದ ಹಂಡೆಗೆ ಒಂದು ಪ್ರದಕ್ಷಿಣೆ ಹಾಕಿ, ಹಿಂಬಾಗಿಲಿಂದ ಹೊರಬಿದ್ದು ಮತ್ತೆ ಬಿಳಿ ಗೆರೆಯ ಮೇಲೆ ಬಂದರು. ಆ ಇಬ್ಬರು ಜೀವಮಾನದಲ್ಲಿ ಒಮ್ಮತದಿಂದ ಮಾಡಿದ ಕೆಲಸ ಅದೊಂದೇ. ಒಳಗೆ ಸುತ್ತಿದ ದೂರವನ್ನೂ ಕಾರ್ಯದರ್ಶಿಗಳು ಹಲಗೆಗೆ ಸೇರಿಸಿದರು.

"ಮುಖ್ಯ ಅತಿಥಿ ಇಲ್ಲದೆ ಹರಿದರೆ ಅದು ಅಂತ್ಯ ಅಲ್ಲ ಟೈಲರ್ರೇ, ಆಸ್ತಿ ನಷ್ಟ" ಅಂತ ಅವರು ಮೃದುವಾಗಿ ತಿಳಿಹೇಳಿದರು.

"ನನ್ನ ಮೊಮ್ಮಗಳಿಗೆ ಜ್ವರ ಸ್ವಾಮಿ. ಈ ಹಲಗೆ ಮೇಲಿರೋದ್ರಲ್ಲಿ ಒಂದು ಚೂರು ಕೊಡಿ. ಒಂದು ಪಂಪು ಬರಲಿ."

"ಅದೆಲ್ಲ ವಾಗ್ದಾನ. ಅಂತ್ಯ ಆಗದೆ ಹಣ ಆಗಲ್ಲ. ನಿಮಗಿಂತ ನನಗೆ ಜಾಸ್ತಿ ಸಂಕಟ. ಆದರೂ ಪಂಪಿನ ವಿಷಯ ಹೇಳಿದ್ದು ಒಳ್ಳೇದಾಯ್ತು. ಹಲಗೆ ಪಕ್ಕದಲ್ಲಿ ಪಂಪಿನ ಫೋಟೋ ಇದ್ದರೆ ಚೆಂದ."

ಹೀಗೆ ಫೋಟೋಗಾಗಿ ಪಂಪು ಬಂತು. ಆಸ್ಪತ್ರೆ ಸಾಮಾನು ಮಾರುವ ಅಂಗಡಿಯವನು ಹಲಗೆಯ ಮೊತ್ತ ನೋಡಿ ಬಾಯಿ ತೆರೆದು, ಒಂದು ಮಧ್ಯಾಹ್ನದ ಮಟ್ಟಿಗೆ ಹೊಸ ಪಂಪೊಂದನ್ನು ಎರವಲು ಕೊಟ್ಟ. ಕಾರ್ಯದರ್ಶಿಗಳು ಅದನ್ನು ಮೆಣಸಿನ ಹಾಸಿಗೆಯ ಪಕ್ಕ ಇಡಿಸಿ, ಫೋಟೋದವನಿಗೆ ಕೋನ ತೋರಿಸಲು ಕಿಟಕಿಯ ಕಡೆ ತಿರುಗಿದರು. ತಿರುಗಿ ನೋಡುವಷ್ಟರಲ್ಲಿ ಹೆಡ್ ಸಿಸ್ಟರು ಪಂಪಿಗೆ ಔಷಧಿ ತುಂಬಿ, ನಳಿಕೆ ಜೋಡಿಸಿ, ಗುಂಡಿ ಒತ್ತಿದ್ದರು. ಹನಿ ಇಳಿಯತೊಡಗಿತ್ತು.

"ಸಿಸ್ಟರಮ್ಮ, ಫೋಟೋ ಆಯ್ತು. ಪಂಪು ವಾಪಸ್ ಕೊಡಬೇಕು."

"ಔಷಧಿ ಹೋಗ್ತಾ ಇದೆ. ನಡುವೆ ನಿಲ್ಲಿಸೋ ಹಾಗಿಲ್ಲ."

"ಯಾವಾಗ ಮುಗಿಯುತ್ತೆ?"

ಸಿಸ್ಟರು ಮಂಚದ ಕಡೆ ಕೈ ತೋರಿಸಿದರು. ಮಂಚದ ಈ ಕಂಬಿಯಿಂದ ಆ ಕಂಬಿಗೆ ಬ್ಯಾಂಡೇಜಿನ ಪಟ್ಟಿಯೊಂದನ್ನು ಎಳೆದು ಕಟ್ಟಿತ್ತು, ನಡುವೆ ಅಂದವಾದ ಗಂಟು. "ಮುಖ್ಯ ಅತಿಥಿಗಳು ಬಂದು ಇದನ್ನ ಕತ್ತರಿಸಿದಾಗ. ಅದಕ್ಕೆ ಮೊದಲು ಅಂತ್ಯ ಇರೋದಿಲ್ಲ."

ಕಾರ್ಯದರ್ಶಿಗಳು ಪಟ್ಟಿಯನ್ನು ಮುಟ್ಟಿ ನೋಡಿದರು. ಅವರು ಏನೇ ಆಗಿರಲಿ, ನಿಯಮಕ್ಕೆ ತಲೆಬಾಗುವ ಮನುಷ್ಯ. "ಗಂಟು ಸರಿಯಾಗಿದೆ" ಅಂದು ಕೆಳಗಿಳಿದರು.

ಅಂಗಡಿಯವನು ಮೊದಲು ಕೂಗಾಡಿದ. ಆಮೇಲೆ ಹಲಗೆಯನ್ನು ಇನ್ನೊಮ್ಮೆ ನೋಡಿದ. ಇಷ್ಟು ದೊಡ್ಡ ಮೊತ್ತ ಬರಬೇಕಾದ ಕಡೆ ಒಂದು ಪಂಪಿಗೆ ಜಗಳವಾಡುವುದು ವ್ಯಾಪಾರಸ್ಥನ ಲಕ್ಷಣವಲ್ಲ ಅನ್ನಿಸಿತು. "ಸವಾರಿ ನಡೀತಿರೋ ತನಕ ಇರಲಿ. ಮುಗಿದ ದಿನ ಹಣ, ಇಲ್ಲಾ ಪಂಪು" ಅಂದ. ಸಿಸ್ಟರು ಅವನ ಮಾತನ್ನು ಗೌರವಿಸಿ, ಉಳಿದ ಹಾಸಿಗೆಗಳಿಗೂ ಅದೇ ಷರತ್ತಿನ ಮೇಲೆ ಒಂದೊಂದು ಪಂಪು ತರಿಸಿ ಒಂದೊಂದು ಪಟ್ಟಿ ಕಟ್ಟಿದರು. ವಾರ್ಡೆಲ್ಲ ರಿಬ್ಬನ್ನೋ ರಿಬ್ಬನ್. ಮದುವೆ ಛತ್ರವೂ ನಾಚಬೇಕು, ಹಾಗೆ ಕಾಣುತ್ತಿತ್ತು.

ದಿನ ತಪ್ಪದೆ ಔಷಧಿ ಇಳಿಯಿತು. ಮೆಣಸಿನ ಜ್ವರ ಬಿಟ್ಟಿತು. ಮತ್ತೆ ಕಿಟಕಿಗೆ ಬಂದಳು, ಬಂದವಳೇ "ತಾತ, ನೀನು ತುಂಬ ನಿಧಾನ ಆಗಿದೀಯ, ಇರುವೆ ದಾಟಿಕೊಂಡು ಹೋಯ್ತು" ಅಂದಳು. ಆವತ್ತು ತಾತ ಸುಮ್ಮಸುಮ್ಮನೆ ಬೆಲ್ ಹೊಡೆದ. ಅಂಗಿಯ ತೋಳಲ್ಲಿ ಕಣ್ಣು ಒರೆಸಿಕೊಂಡು, ಯಾರದ್ದೋ ಪ್ಯಾಂಟಿಗೆ ಜೇಬಿನ ಬದಲು ಇನ್ನೊಂದು ಕಾಲು ಹೊಲಿದುಬಿಟ್ಟ. ಪ್ಯಾಂಟಿನವರು ಏನೂ ಅನ್ನದೆ ಹಾಕಿಕೊಂಡು ಹೋದರು.

ಕೆಲವು ತಿಂಗಳು ಕಳೆದ ಮೇಲೆ ಅವಳ ತಲೆಯ ಮೇಲೆ ಹೊಸ ಕೂದಲು ಮೊಳಕೆ ಒಡೆದ ಹಾಗೆ ಕಾಣಿಸಿಕೊಂಡಿತು. ಡಾಕ್ಟರು "ಮನೆಗೆ ಹೋಗಬಹುದು" ಅಂದರು. ಮಂಚದ ಪಟ್ಟಿ ಕತ್ತರಿಸುವವರು ಇಲ್ಲದ್ದರಿಂದ ಅದರ ಅಡಿಯಿಂದ ತೂರಿ ಹೊರಗೆ ಬಂದಳು. ಅದೇ ಪಂಪು, ಅದೇ ಪಟ್ಟಿಯ ಒಳಕ್ಕೆ ಬೇಕರಿಯವನ ಮಗ ಬಂದು ಮಲಗಿದ.

ಅವಳನ್ನು ಕರೆದುಕೊಂಡು ಹೋಗಲು ಅಜ್ಜಿ ಬಂದ ದಿನವೇ ಸಿಮೆಂಟ್ ಸಾಹುಕಾರರ ಕಾರು ಸೈಕಲ್ಲಿನ ಪಕ್ಕಕ್ಕೆ ಬಂದು ಅದೇ ವೇಗದಲ್ಲಿ ತೆವಳಿತು. ಸಾಹುಕಾರರು ಗಾಜು ಇಳಿಸಿದರು. ಮುಖದಲ್ಲಿ ರಕ್ತ ಇರಲಿಲ್ಲ.

"ಟೈಲರ್ರೇ, ಸಾಹೇಬರು ಇವತ್ತು ಬರ್ತಾರಂತೆ. ನಿಜವಾಗಲೂ."

"ಒಳ್ಳೇದಾಯ್ತು ಬಿಡಿ."

"ಏನು ಒಳ್ಳೇದು. ಆ ಹಲಗೆ ಮೇಲಿರೋದು ಕೊಡೋಕೆ ಹೊರಟರೆ ನನ್ನ ಗೋಡೌನು, ಲಾರಿ, ಮನೆ, ಹೆಂಡತಿ ಬಳೆ ಎಲ್ಲ ಮಾರಿದರೂ ಸಾಲಲ್ಲ. ರಿಬ್ಬನ್ ಬಿದ್ದ ತಕ್ಷಣ ನಾನು ಕಾಯಿಲೆ ಬೀಳ್ತೀನಿ. ಉಳಿದ ದಾನಿಗಳಿಗೂ ಆಸ್ಪತ್ರೆಗಳು ನಿಗದಿಯಾಗಿವೆ. ನಡೀತಿರೋ ತನಕ ನಾವೆಲ್ಲ ಮಹಾದಾನಿಗಳು. ಮುಗಿದರೆ ಒಬ್ಬನೂ ಇರಲ್ಲ. ಯೋಚನೆ ಮಾಡಿ."

ಕಾರು ಮುಂದೆ ಹೋಯಿತು. ಹಿಂದಿನಿಂದ ಹೆಡ್ ಸಿಸ್ಟರು ಬಂದು ಸೇರಿಕೊಂಡರು. ಎಲ್ಲ ಕೇಳಿಸಿಕೊಂಡಿದ್ದರು. "ಅಂಗಡಿಯವನು ಆಗಲೇ ಗೇಟಲ್ಲಿ ಟೆಂಪೋ ತಂದು ನಿಲ್ಲಿಸಿದಾನೆ ತಾತ. ಹಣ ಇಲ್ಲಾ ಪಂಪು. ಮೇಲೆ ಒಂದೂ ಹಾಸಿಗೆ ಖಾಲಿ ಇಲ್ಲ."

"ಕತ್ತರಿ ಎಲ್ಲಿದೆ?"

"ತಟ್ಟೇಲಿದ್ದ ಕತ್ತರಿನಾ? ಗಾಯದ ಬಟ್ಟೆ ಕತ್ತರಿಸೋಕೆ ತಗೊಂಡಿದ್ದೆ. ಎಲ್ಲಿಟ್ಟೆ ಅಂತ ಮರೆತು ಹೋಗಿದೆ. ವಯಸ್ಸಾಯ್ತು ನೋಡಿ." ಅವರು ಕನ್ನಡಕ ಒರೆಸಿಕೊಂಡು ಮೆಟ್ಟಿಲು ಹತ್ತಿದರು.

ಮುಖ್ಯ ಅತಿಥಿಗಳು ಬಂದೇ ಬಂದರು. ಇಳಿದವರೇ ಸಮಯಪಾಲನೆಯ ಮಹತ್ವ ಕುರಿತು ಮಾತಾಡಿದರು. ತಾತ ಬಿಳಿ ಗೆರೆಯ ಮೇಲೆ, ರಿಬ್ಬನ್ನಿನ ಮುಂದೆ, ಸಣ್ಣ ಸಣ್ಣ ಸುತ್ತು ಹಾಕುತ್ತಿದ್ದ. ಗೇಟಿನ ಬಳಿ ಬಟ್ಟೆಯ ಚೀಲ ಹಿಡಿದು ಅಜ್ಜಿ, ಅವಳ ಸೆರಗು ಹಿಡಿದು ಮೆಣಸು. ಅವರ ಪಕ್ಕದಲ್ಲಿ ಟೆಂಪೋ. ಸಾಹೇಬರು ತಟ್ಟೆಗೆ ಕೈ ಚಾಚಿದರು. ಬಟ್ಟೆ ಎತ್ತಿದರೆ ತಟ್ಟೆಯ ತಳ ಕಂಡಿತು. ಕಾರ್ಯದರ್ಶಿಗಳು ತಮ್ಮ ಜೇಬು ತಡವಿದರು, ಅಧ್ಯಕ್ಷರ ಜೇಬು ತಡವಿದರು. ಆ ಜೇಬುಗಳಲ್ಲಿ ಬೇರೆ ಬೇರೆ ವಸ್ತುಗಳು ಸಿಕ್ಕವು, ಅವನ್ನು ಬೇಗ ಒಳಗೆ ಹಾಕಿದರು.

ಸಾಹೇಬರ ಕಣ್ಣು ಸೈಕಲ್ಲಿನ ಮೇಲೆ ಬಿತ್ತು. ಮಿಷನ್ ಕಂಡಿತು, ಕತ್ತಿನ ಟೇಪು ಕಂಡಿತು. "ನೀವು ಟೈಲರ್ ಅಲ್ಲವೇನ್ರೀ? ನಿಮ್ಮ ಕತ್ತರಿ ಕೊಡಿ. ಮುಗಿಸಿಬಿಡೋಣ."

ತಾತನ ಅಂಗಿಯ ಒಳಜೇಬಿನಲ್ಲಿ ಕತ್ತರಿ ಇತ್ತು. ತುಳಿದಾಗಲೆಲ್ಲ ಅದು ಪಕ್ಕೆಗೆ ತಾಗುತ್ತಿತ್ತು. ಕೊಟ್ಟರೆ ಈಗಿಂದೀಗಲೇ ಇಳಿಯಬಹುದು. ಮೊಮ್ಮಗಳ ಕೈ ಹಿಡಿದು ನೆಲದ ಮೇಲೆ ನಡೆದುಕೊಂಡು ಮನೆಗೆ ಹೋಗಬಹುದು. ಮಂಚದ ಮೇಲೆ ಕಾಲು ಚಾಚಿ ಮಲಗಬಹುದು. ತಾತ ಗೇಟಿನ ಕಡೆ ನೋಡಿದ. ಮೆಣಸು ಅವನನ್ನೇ ನೋಡುತ್ತಿದ್ದಳು. ತಲೆ ಎತ್ತಿದ. ಮೇಲಿನ ಕಿಟಕಿಯಲ್ಲಿ ಬೇಕರಿಯವನ ಮಗ ನಳಿಕೆ ಚುಚ್ಚಿದ ಕೈಯನ್ನು ಗಾಜಿಗೆ ಒತ್ತಿ ಹಿಡಿದು, ಈ ಗಲಾಟೆ ಏನಂತ ಮೂಗು ಚಪ್ಪಟೆ ಮಾಡಿಕೊಂಡು ನೋಡುತ್ತಿದ್ದ.

"ಕತ್ತರಿ ಇಲ್ಲ ಸ್ವಾಮಿ" ಅಂದ ತಾತ.

"ಟೈಲರ್ ಹತ್ರ ಕತ್ತರಿ ಇಲ್ವಾ?"

"ನಾನು ಹಲ್ಲಲ್ಲೇ ಕಚ್ಚಿ ಹರಿಯೋದು ಸ್ವಾಮಿ. ಮೊದಲಿಂದಲೂ ಹಾಗೇ ಅಭ್ಯಾಸ."

ಸಾಹೇಬರು ಸಾಕ್ಷಿಗಾಗಿ ಅತ್ತಿತ್ತ ನೋಡಿದರು. ಅಜ್ಜಿ ಗೇಟಿನಿಂದಲೇ ಹೇಳಿದಳು: "ಹೌದು ಸ್ವಾಮಿ, ಅದಕ್ಕೇ ಇವರಿಗೆ ಈಗ ಹಲ್ಲಿಲ್ಲ." ಸಿಮೆಂಟ್ ಸಾಹುಕಾರರು ತಾವು ಹೊಲಿಸಿಕೊಂಡ ಎಲ್ಲ ಬಟ್ಟೆಯೂ ಹಾಗೇ ಹರಿದದ್ದು ಅಂತ ದೃಢಪಡಿಸಿದರು. ಆಸ್ಪತ್ರೆಯ ಒಳಗೂ ಒಂದೇ ಒಂದು ಕತ್ತರಿ ಇಲ್ಲ ಅಂತ ಹೆಡ್ ಸಿಸ್ಟರು ತಲೆ ಆಡಿಸಿದರು. ಆಪರೇಷನ್ ಕೋಣೆಯಿಂದ ಹೊರಬಂದ ಶಸ್ತ್ರವೈದ್ಯರು ಕೂಡ ತಾವು ಈ ತನಕ ಕತ್ತರಿ ಎಂಬುದನ್ನು ಕಂಡಿಲ್ಲ ಅಂದರು.

ಸಾಹೇಬರಿಗೆ ಇಷ್ಟು ಜನರ ಮಾತನ್ನು ಅನುಮಾನಿಸುವ ಕಾರಣ ಕಾಣಲಿಲ್ಲ. ಸಂಸ್ಥೆಯ ಬಡತನ ಕಂಡು ಅವರಿಗೆ ಮನಸ್ಸು ಕರಗಿತು. ಮೈಕು ಹಿಡಿದು ಘೋಷಿಸಿದರು: "ಕತ್ತರಿಯ ಖರೀದಿಗಾಗಿ ಉಪಸಮಿತಿಯನ್ನು ರಚಿಸಲಾಗುವುದು. ಖರೀದಿಗೆ ಅವಶ್ಯವಿರುವ ಹಣವನ್ನು ಪ್ರತ್ಯೇಕ ಸಹಾಯಾರ್ಥ ಸೈಕಲ್ ಸವಾರಿಯ ಮೂಲಕ ಸಂಗ್ರಹಿಸತಕ್ಕದ್ದು. ನಿಯಮಗಳು ಹಿಂದಿನವೇ ಇರತಕ್ಕದ್ದು. ಸವಾರರನ್ನಾಗಿ ಕಾರ್ಯದರ್ಶಿಗಳನ್ನು ನೇಮಿಸಲಾಗಿದೆ."

ಕಾರ್ಯದರ್ಶಿಗಳು ಮಂಡಿ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದರು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ವಾರ್ಡಿನ ಇಬ್ಬರು ಸಿಬ್ಬಂದಿ ಅಭ್ಯಾಸಬಲದಿಂದ ಅವರನ್ನು ಎತ್ತಿ ಇನ್ನೊಂದು ಸೈಕಲ್ಲಿನ ಮೇಲೆ ಕೂರಿಸಿದರು. ಟೆಂಪೋ ಖಾಲಿಯಾಗಿಯೇ ವಾಪಸು ಹೋಯಿತು. ಸ್ಟ್ಯಾಂಡಿನ ಕಾವಲುಗಾರ ಎರಡು ಚೀಟಿ ಹರಿದ.

ಮೆಣಸು ಓಡಿ ಬಂದು ಒಂದು ಸುತ್ತಿನ ಮಟ್ಟಿಗೆ ತಾತನ ಕ್ಯಾರಿಯರ್ ಮೇಲೆ ಕೂತಳು. ಅವಳು ಕೂತ ದೂರಕ್ಕೆ ದರ ದುಪ್ಪಟ್ಟು ಅಂತ ಅಧ್ಯಕ್ಷರು ಹಲಗೆಯಲ್ಲಿ ಬರೆದರು, ಸಿಮೆಂಟ್ ಸಾಹುಕಾರರು ಸಂತೋಷದಿಂದ ಒಪ್ಪಿದರು. "ಸಂಜೆ ಊಟ ನಾನೇ ತರ್ತೀನಿ" ಅಂದು ಅವಳು ಇಳಿದು ಅಜ್ಜಿಯ ಜೊತೆ ಹೊರಟಳು. ತಾತ ಅವಳು ತಿರುವಿನಲ್ಲಿ ಮರೆಯಾಗುವ ತನಕ ಕುತ್ತಿಗೆ ತಿರುಗಿಸಿಕೊಂಡೇ ತುಳಿದ.

ಜನರೇಟರ್ ಕೋಣೆಯ ಬಳಿ ಕಾರ್ಯದರ್ಶಿಗಳು ಓಲಾಡುತ್ತಿದ್ದರು. ಎಡಗಾಲು ಮೆಲ್ಲಗೆ ನೆಲದ ಕಡೆ ಇಳಿಯುತ್ತ ಇತ್ತು. ತಾತ ಪಕ್ಕಕ್ಕೆ ಬಂದು, ಬಾಗಿ, ಅವರ ಪಾದವನ್ನು ಎತ್ತಿ ಪೆಡಲ್ಲಿನ ಮೇಲೆ ಇಟ್ಟ.

"ಕಾಲು ಮೇಲಿರಲಿ ಸ್ವಾಮಿ. ಪ್ಯಾಂಟಿನ ಅಳತೆ ಮುಂದಿನ ಸುತ್ತಿಗೆ ತಗೋತೀನಿ."